ಲೋಕದ ಒಪ್ಪಂದಗಳೂ ನಮ್ಮ ಊರೂ

ಹವಾಮಾನದ ವಿಷಯವಾಗಿ ರಾಷ್ಟ್ರಗಳು ವರ್ಷವರ್ಷವೂ ಸಭೆ ಸೇರುತ್ತವೆ. ಅದರಿಂದ ನಮಗಾಗುವ ಪ್ರಯೋಜನವೇನೆಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರವನ್ನರಸಿ ದೂರ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನ ಗೇರು ತೋಟಗಳೇ ಅದನ್ನು ಹೇಳುತ್ತವೆ.

ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ನಾಶಪಡಿಸಲು ಇಲ್ಲಿ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಗುಡ್ಡದ ಮೇಲೆ ಬಿದ್ದ ವಿಷವು ಮಳೆನೀರಿನೊಡನೆ ತೋಡುಗಳಿಗಿಳಿಯಿತು. ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ಮಕ್ಕಳ ಅಂಗವೈಕಲ್ಯ, ನರರೋಗಗಳು ಹೆಚ್ಚಾಗಿ ಕಂಡುಬಂದವು. ಜನರು ನ್ಯಾಯಾಲಯದ ಮೊರೆಹೊಕ್ಕರು; 2000ದಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯವು ಸಿಂಪಡಣೆಯನ್ನು ತಡೆಯಿತು.

ಆದರೆ ಊರಿನ ತೀರ್ಪು ಊರಿಗೆ ಮಾತ್ರ. ಈ ವಿಷವಾದರೋ ಗಾಳಿಯೊಡನೆ ಸಾಗಿ, ಅದನ್ನು ಬಳಸದ ಉತ್ತರಧ್ರುವ ಪ್ರದೇಶವನ್ನೂ ಮುಟ್ಟಿತ್ತು. ಆದುದರಿಂದ 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ನೆರೆದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ಲೋಕದಿಂದಲೇ ನಿವಾರಿಸಲು ನಿಶ್ಚಯಿಸಿದವು. ಮೊದಲು ವಿರೋಧಿಸಿದ್ದ ಭಾರತವು, ಕೆಲವು ಬೆಳೆಗಳಿಗೆ ಕಾಲಾವಕಾಶವೂ ಬದಲಿ ಮಾರ್ಗಗಳಿಗೆ ಹಣದ ನೆರವೂ ದೊರೆಯುವುದೆಂದಾಗ ಸಮ್ಮತಿಸಿತು. ಅದೇ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು.

ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡಿಗೂ ಗಡಿಯೆಂಬುದಿಲ್ಲ. ಅದಕ್ಕಾಗಿ 1992ರಲ್ಲಿ ರಿಯೋದಲ್ಲಿ, 1997ರಲ್ಲಿ ಕ್ಯೋಟೋದಲ್ಲಿ, 2015ರಲ್ಲಿ ಪ್ಯಾರಿಸಿನಲ್ಲಿ ಒಪ್ಪಂದಗಳಾದವು. ಭೂಮಿಯ ಉಷ್ಣತೆಯ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗಿರಿಸಬೇಕು, 1.5 ಡಿಗ್ರಿಗೇ ತಡೆಯಲು ಯತ್ನಿಸಬೇಕು ಎಂಬುದು ಪ್ಯಾರಿಸಿನ ಸಂಕಲ್ಪ. ಆದರೆ ಒಂದು ಕೀಟನಾಶಕವನ್ನು ಬಿಡುವುದು ಬೇರೆ, ಎಲ್ಲರ ಜೀವನೋಪಾಯಕ್ಕೂ ಆಧಾರವಾದ ಇಂಧನವನ್ನು ಬದಲಿಸುವುದು ಬೇರೆ. ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ರಾಷ್ಟ್ರವೂ ತನ್ನ ಗುರಿಯನ್ನು ತಾನೇ ನಿಶ್ಚಯಿಸುತ್ತದೆ, ತಪ್ಪಿದವರಿಗೆ ದಂಡವಿಲ್ಲ.

ಹಾಗಾದರೆ ಅದರ ಭವಿಷ್ಯವೇನು? ನಮ್ಮ ಊರಿನ ಅನುಭವದಿಂದ ಮೂರು ಸಂಗತಿಗಳನ್ನು ತಿಳಿಯಬಹುದು. ಬಡ ರಾಷ್ಟ್ರಗಳಿಗೆ ಕಾಲಾವಕಾಶ ಮತ್ತು ನೆರವು ದೊರೆತರೆ ಒಮ್ಮತ ಸಾಧ್ಯ. ಹೊರಗಿನ ಒಪ್ಪಂದಕ್ಕೆ ಒಳಗಿನ ಕಾನೂನು ಜೊತೆಗೂಡಿದರೆ ಮಾತ್ರ ಫಲ. ಇವೆರಡಕ್ಕೂ ಮೊದಲು, ಕಷ್ಟವನ್ನುಂಡ ಜನರೇ ಧ್ವನಿಯೆತ್ತಬೇಕು.

ಇನ್ನೊಂದು ಮಾತಿದೆ. ನಿಷೇಧದಿಂದ ಆದ ಹಾನಿ ಅಳಿಯದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆಜ್ಞಾಪಿಸಿತು. ಸಿಂಪಡಣೆ ನಿಂತು ಆಗ 16 ವರ್ಷಗಳು ಕಳೆದಿದ್ದವು. ಹವಾಮಾನದಿಂದ ನೊಂದ ದೇಶಗಳಿಗಾಗಿ ನಿಧಿಯೊಂದನ್ನು ಸ್ಥಾಪಿಸಲು ರಾಷ್ಟ್ರಗಳು ಒಪ್ಪಿದ್ದು 2022ರಲ್ಲಿ, ರಿಯೋದ 30 ವರ್ಷಗಳ ಬಳಿಕ. ಹಿರಿಯರ ವಿಳಂಬಕ್ಕೆ ಮಕ್ಕಳು ಬೆಲೆ ತೆರುವರೆಂಬುದನ್ನು ಕಾಸರಗೋಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.