ಹಳೆಯ ಆಟದ ಪೆಟ್ಟಿಗೆಗೊಂದು ಕೇಬಲ್ಲು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ತಂತಿ, ಬೆಸುಗೆಗಳ ವಿಚಾರವಾಗಿ ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪರೀಕ್ಷೆಯ ಶುಲ್ಕವನ್ನು ನಾನೇ ಹೊಂದಿಸಿಕೊಳ್ಳಬೇಕಾದುದರಿಂದ ಸಂಜೆಯ ಹೊತ್ತು ಟಿ.ವಿ. ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಕಲಿತುದರಲ್ಲಿ ಒಂದನ್ನು ಮಿತ್ರರ ಮುಂದಿಡುತ್ತಿದ್ದೇನೆ.

ಕಳೆದ ದಸರಾ ರಜೆಯಲ್ಲಿ, ಇಂಗ್ಲೆಂಡಿನಲ್ಲಿದ್ದು ಹಿಂದಿರುಗಿದವರೊಬ್ಬರು ಅಲ್ಲಿಯ ಹಳೆಯ ಟಿ.ವಿ.ಯನ್ನೂ, ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ವಿಡಿಯೋ ಆಟದ ಪೆಟ್ಟಿಗೆಯನ್ನೂ ಅಂಗಡಿಗೆ ತಂದರು. ಜಪಾನಿನಲ್ಲಿ 1988ರಲ್ಲಿಯೂ ಯೂರೋಪಿನಲ್ಲಿ 1990ರಲ್ಲಿಯೂ ಮಾರಾಟಕ್ಕೆ ಬಂದ ಯಂತ್ರವಿದು. ಎರಡನ್ನೂ ಕೂಡಿಸುವ ಕೇಬಲ್ಲು ಕಳೆದುಹೋಗಿತ್ತು. "ನೀನೇ ಒಂದು ಮಾಡಿಕೊಡಪ್ಪಾ, ಪೆಟ್ಟಿಗೆ ಸುಟ್ಟರೆ ಸಂಬಳದಲ್ಲಿ ಹಿಡಿಯುತ್ತೇನೆ" ಎಂದರು ಯಜಮಾನರು. ತಮಾಷೆಗೆ ಹೇಳಿದರೋ ಏನೋ, ನನಗೆ ಮಾತ್ರ ನಗು ಬರಲಿಲ್ಲ.

ನಮ್ಮ ಮನೆಗಳಲ್ಲಿ ಕಂಡ ಹಳದಿ ಪಿನ್ನಿನ ತಂತಿಯಲ್ಲಿ ಚಿತ್ರದ ಬೆಳಕು, ಬಣ್ಣ, ಪ್ರತಿ ಗೆರೆಯೂ ಎಲ್ಲಿ ಆರಂಭವಾಗಬೇಕೆಂದು ತಿಳಿಸುವ ಸಿಂಕ್ ಸಂಜ್ಞೆ, ಈ ಮೂರೂ ಬೆರೆತು ಒಂದೇ ಆಗಿ ಹರಿಯುತ್ತವೆ. ಟಿ.ವಿ. ಇವನ್ನು ಮತ್ತೆ ಬೇರ್ಪಡಿಸಬೇಕು. ಆದರೆ ಹಾಲಿಗೆ ನೀರು ಬೆರೆಸಿದ ಮೇಲೆ ಪೂರ್ತಿ ಬೇರ್ಪಡಿಸುವವರುಂಟೆ? ಅದರಿಂದಲೇ ಚಿತ್ರದ ಅಂಚುಗಳಲ್ಲಿ ಬಣ್ಣ ಕದಡುವುದು. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ತಂತಿಯನ್ನೂ ಸಿಂಕಿಗೆ ನಾಲ್ಕನೆಯದನ್ನೂ ಕೊಟ್ಟರೆ ಬೆರೆಯುವ ಪ್ರಸಂಗವೇ ಇಲ್ಲ.

ಇದಕ್ಕೆ ಯೂರೋಪಿನ ಟಿ.ವಿ.ಗಳಲ್ಲಿ ಸ್ಕಾರ್ಟ್ ಎಂಬ 21 ಸಂಪರ್ಕಗಳ ಅಗಲವಾದ ಸಾಕೆಟ್ಟಿರುತ್ತಿತ್ತು. ಫ್ರಾನ್ಸಿನ ರೇಡಿಯೋ, ಟಿ.ವಿ. ತಯಾರಕರ ಸಂಘದ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಕೆಂಪು 15ನೆಯ ಪಿನ್ನಿಗೆ, ಹಸಿರು 11ಕ್ಕೆ, ನೀಲಿ 7ಕ್ಕೆ. ಹಳದಿ ತಂತಿಯ ಮಿಶ್ರ ಸಂಜ್ಞೆಯಲ್ಲಿಯೂ ಸಿಂಕ್ ಇರುವುದರಿಂದ ಅದನ್ನೇ 20ಕ್ಕೆ ಕೊಡಬಹುದು. ಮೆಗಾ ಡ್ರೈವಿನ ಮೂರು ಬಣ್ಣದ ತಂತಿಗಳ ನಡುವೆ 220 ಮೈಕ್ರೋಫ್ಯಾರಡ್ಡಿನ ಒಂದೊಂದು ಕೆಪಾಸಿಟರು ಬೇಕು. ಅದರ ಧನ ತುದಿ ಆಟದ ಪೆಟ್ಟಿಗೆಯ ಕಡೆಗಿರಬೇಕು. ಅದು ನೇರ ವಿದ್ಯುತ್ತನ್ನು ತಡೆದು ಚಿತ್ರವನ್ನಷ್ಟೇ ಬಿಡುತ್ತದೆ. ಯೂರೋಪಿನ ಸೂಪರ್ ನಿಂಟೆಂಡೋಗಾದರೋ ಕೆಪಾಸಿಟರು ಬೇಡ. ಪ್ರತಿ ಬಣ್ಣದ ತಂತಿಯಿಂದ ಭೂತಂತಿಗೆ 75 ಓಮಿನ ರೆಸಿಸ್ಟರು ಬೇಕು. ಆದ್ದರಿಂದ ಒಂದರ ನಕ್ಷೆಯನ್ನು ನೋಡಿ ಇನ್ನೊಂದಕ್ಕೆ ಬೆಸೆಯಬಾರದು. ನಕ್ಷೆ ಪ್ಲಗ್ಗಿನ ಮುಂಭಾಗದ್ದೋ ಹಿಂಭಾಗದ್ದೋ ಎಂಬುದನ್ನೂ ನೋಡಿಕೊಳ್ಳಬೇಕು. ಬೆಸುಗೆ ಹಾಕುವ ಕಡೆಯಿಂದ ಎಡಬಲಗಳು ಅದಲುಬದಲಾಗುತ್ತವೆ.

ಇಷ್ಟೆಲ್ಲ ಮಾಡಿ, ಮಲ್ಟಿಮೀಟರಿನಿಂದ ಒಂದೊಂದು ಪಿನ್ನನ್ನೂ ಪರೀಕ್ಷಿಸಿ, ಎದೆ ಹೊಡೆದುಕೊಳ್ಳುತ್ತಿರಲು ಸ್ವಿಚ್ಚು ಹಾಕಿದೆ. ಚಿತ್ರ ಬಂತು. ಆದರೆ ಅದೇ ಕದಡಿದ ಚಿತ್ರ! ಎರಡು ಸಂಜೆ ಬಣ್ಣದ ಬೆಸುಗೆಗಳನ್ನೇ ಕಿತ್ತು ಹಾಕಿದೆ. ತಪ್ಪು ಇದ್ದುದು ಚಿತ್ರವನ್ನೇ ಹೊರದ 16ನೆಯ ಪಿನ್ನಿನಲ್ಲಿ. ಅಲ್ಲಿಗೆ 1ರಿಂದ 3 ವೋಲ್ಟು ಬಂದರೆ ಮಾತ್ರ ಟಿ.ವಿ. ಮೂರು ಬಣ್ಣಗಳತ್ತ ತಿರುಗುತ್ತದೆ. ಇಲ್ಲವಾದರೆ 20ನೆಯ ಪಿನ್ನಿನ ಮಿಶ್ರ ಚಿತ್ರವನ್ನೇ ತೋರಿಸುತ್ತದೆ. ಪೆಟ್ಟಿಗೆಯಲ್ಲಿ 5 ವೋಲ್ಟು ಸಿಗುತ್ತದೆ. ಅದನ್ನು 180 ಓಮಿನ ರೆಸಿಸ್ಟರಿನ ಮೂಲಕ ಕೊಟ್ಟೆ, ಟಿ.ವಿ.ಯೊಳಗಿನ 75 ಓಮಿನೊಡನೆ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ವೋಲ್ಟಾಗುತ್ತದೆ. ಗೆರೆ ಗೆರೆಯೂ ಕಡೆದಿಟ್ಟಂತೆ ಕಂಡಿತು.

ಆದರೆ ಸ್ವಾರಸ್ಯ ಮುಂದಿದೆ. 1991ರ ಸಾನಿಕ್ ದಿ ಹೆಡ್ಜ್‌ಹಾಗ್ ಆಟವನ್ನು ಹಾಕಿದಾಗ ಅಲ್ಲಿಯ ಜಲಪಾತ ಬಾಚಣಿಗೆಯ ಹಲ್ಲುಗಳಂತೆ ಕಂಡಿತು. ಅದನ್ನು ಬರೆದವರು ನೀರನ್ನು ಒಂದು ಬಿಟ್ಟು ಒಂದು ಗೆರೆಯಾಗಿ ಬರೆದಿದ್ದಾರೆ. ಹಳದಿ ತಂತಿಯಲ್ಲಿ ಗೆರೆಗಳು ಕಲೆತು ಹಿಂದಿನ ಬಂಡೆ ಕಾಣುವ ತಿಳಿನೀರಾಗುತ್ತದೆ. ನಾನು ದೋಷವೆಂದು ಕಳೆದುದರಲ್ಲಿಯೇ ಅವರ ನೀರಿತ್ತು!

16ನೆಯ ಪಿನ್ನಿನ ತಂತಿಗೆ ಒಂದು ಪುಟ್ಟ ಸ್ವಿಚ್ಚನ್ನು ಸೇರಿಸಿಕೊಟ್ಟೆ. ಸಂಬಳದಲ್ಲಿ ಯಜಮಾನರು ಏನನ್ನೂ ಹಿಡಿಯಲಿಲ್ಲ. ಆ ಮನೆಯ ಹುಡುಗ ಜಲಪಾತ ಬಂದಾಗ ಮಾತ್ರ ಅದನ್ನು ಅದುಮುತ್ತಾನಂತೆ.