ಗಾಯ ಮಾಯ್ದ ಮೇಲೆ ಚರ್ಮ ಬೆಳೆಯೋದು ಯಾಕೆ ನಿಲ್ಲುತ್ತೆ?

ಮಕ್ಕಳೇ, ನಮ್ಮ ಬೊಮ್ಮನಹಾಳ್ ಕಡೆಯ ಶಾಲೆಗಳಲ್ಲಿ ಕಬಡ್ಡಿ ಆಡಿ ಮೊಣಕಾಲು ತರಚಿಕೊಳ್ಳದವರು ಯಾರಿದ್ದೀರಿ ಹೇಳಿ? ಗಾಯದ ಮೇಲೆ ಹಕ್ಕಳೆ ಕಟ್ಟುತ್ತೆ, ಅದು ಉದುರಿದರೆ ಕೆಳಗೆ ಹೊಸ ಚರ್ಮ ಇರುತ್ತೆ. ಗಾಯ ಮುಚ್ಚುವವರೆಗೂ ಬೆಳೆದ ಚರ್ಮಕ್ಕೆ ಇನ್ನು ಸಾಕು ಅಂತ ಹೇಗೆ ತಿಳಿಯಿತು? ನಿಲ್ಲದೆ ಬೆಳೆದಿದ್ದರೆ ಅಲ್ಲೊಂದು ಗಂಟೇ ಆಗುತ್ತಿತ್ತಲ್ವಾ?

ಅಂಟಿಕೊಂಡಿರುವ ಕೋಶಗಳು

ಅನುಲೇಪಕ ಅಂಗಾಂಶದ ಪಾಠ ನೆನಪು ಮಾಡಿಕೊಳ್ಳಿ. ಚರ್ಮದ ಮೇಲ್ಪದರ, ಬಾಯಿ ಮತ್ತು ಕರುಳಿನ ಒಳಪದರ ಎಲ್ಲವೂ ಅದೇ ಅಂಗಾಂಶ. ಇಲ್ಲಿ ಜೀವಕೋಶಗಳು ಕಲ್ಲುಹಾಸಿನಂತೆ ಒತ್ತಾಗಿ ಅಂಟಿಕೊಂಡಿರುತ್ತವೆ. ಗೋಡೆಯ ಗಾರೆ ಇಟ್ಟಿಗೆಗಳನ್ನು ಹಿಡಿದಿಡುತ್ತೆ, ಅಷ್ಟೇ. ಕೋಶಗಳ ಅಂಟು ಇನ್ನೊಂದು ಕೆಲಸವನ್ನೂ ಮಾಡುತ್ತೆ. ಬೆಳೆಯಬೇಕೋ, ಸುಮ್ಮನಿರಬೇಕೋ ಅಂತ ಕೋಶದ ಒಳಗೆ ಸುದ್ದಿ ಮುಟ್ಟಿಸುತ್ತೆ. ಇದಕ್ಕೆ ಎರಡು ಹಿಡಿತಗಳಿವೆ.

1. ನೆಲದ ಹಿಡಿತ: ಕೋಶಗಳ ಕೆಳಗೆ ತೆಳುವಾದ ಆಧಾರ ಪೊರೆ ಇದೆ. ಇಂಟೆಗ್ರಿನ್ ಎಂಬ ಪ್ರೋಟೀನುಗಳು ಅದನ್ನು ಹಿಡಿದಿರುತ್ತವೆ. ಈ ಹಿಡಿತ ಇದ್ದರೇನೇ ಕೋಶ ಬದುಕುತ್ತದೆ, ವಿಭಜನೆಗೂ ಸಿದ್ಧವಾಗುತ್ತದೆ. ಹಿಡಿತ ತಪ್ಪಿದ ಆರೋಗ್ಯವಂತ ಕೋಶ ಸಾಮಾನ್ಯವಾಗಿ ತಾನೇ ಸಾಯುತ್ತದೆ.

2. ನೆರೆಯ ಹಿಡಿತ: ಪಕ್ಕಪಕ್ಕದ ಕೋಶಗಳು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನಿಂದ ಕೈ ಹಿಡಿದುಕೊಂಡಿರುತ್ತವೆ. ಕ್ಯಾಡ್ಹೆರಿನ್‌ಗಳನ್ನು ಗುರುತಿಸಿದವರು ಜಪಾನಿನ ವಿಜ್ಞಾನಿ ಮಸತೋಶಿ ತಾಕೇಚಿ. ಈ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಕ್ಯಾಲ್ಸಿಯಂ ತೆಗೆದರೆ ಕೋಶಗಳು ಬಿಡಿಬಿಡಿಯಾಗುತ್ತವೆ.

'ಸಾಕು' ಎನ್ನುವ ಸುದ್ದಿ

ಕೋಶದೊಳಗೆ ಯಾಪ್ ಎಂಬ ಪ್ರೋಟೀನ್ ಇದೆ. ಅದು ಕೋಶಕೇಂದ್ರದ ಒಳಗೆ ಹೋದರೆ ವಿಭಜನೆಗೆ ಬೇಕಾದ ಜೀನುಗಳು ಚುರುಕಾಗುತ್ತವೆ. ಸುತ್ತಲೂ ನೆರೆಯ ಕೋಶಗಳು ಒತ್ತಾಗಿ ಹಿಡಿದುಕೊಂಡಿದ್ದಾಗ ಯಾಪ್ ಕೋಶಕೇಂದ್ರದ ಹೊರಗೇ ಉಳಿಯುತ್ತದೆ. ಆಗ ಬೆಳವಣಿಗೆಯ ರಾಸಾಯನಿಕ ಸಂದೇಶ ಬಂದರೂ ಕೋಶ ಅಷ್ಟಾಗಿ ಕಿವಿಗೊಡುವುದಿಲ್ಲ. ಇದಕ್ಕೆ ಸಂಪರ್ಕ ತಡೆ ಎನ್ನಬಹುದು. ದಿನವೂ ಉದುರುವ ಕೋಶಗಳ ಬದಲಿಗೆ ಬೇಕಾದಷ್ಟು ಮಾತ್ರ ವಿಭಜನೆ ನಡೆಯುತ್ತಿರುತ್ತದೆ.

ಗಾಯವಾದಾಗ ಅಂಚಿನ ಕೋಶಕ್ಕೆ ಒಂದು ಪಕ್ಕದ ನೆರೆಯೇ ಇರುವುದಿಲ್ಲ. ಆ ಕಡೆಯ ಹಿಡಿತ ತಪ್ಪಿದ್ದರಿಂದ ಯಾಪ್ ಒಳಗೆ ಹೋಗುತ್ತದೆ. ಅಂಚಿನ ಕೋಶಗಳು ಮುಂದೆ ಸರಿಯುತ್ತವೆ, ಹಿಂದಿನವು ವಿಭಜಿಸುತ್ತವೆ. ಎರಡೂ ಕಡೆಯವು ಬಂದು ಮುಟ್ಟಿದಾಗ ಮತ್ತೆ ಕೈ ಹಿಡಿಯುತ್ತವೆ. ಕೆಲಸ ಮುಗಿಯಿತು!

ಹಿಡಿತ ತಪ್ಪಿದರೆ

ಕ್ಯಾನ್ಸರ್ ಕೋಶ ಈ ಎರಡು ಕಟ್ಟಳೆಗಳನ್ನೂ ಮೀರುತ್ತದೆ. ನೆರೆಯವು ಒತ್ತಿದರೂ ವಿಭಜನೆ ನಿಲ್ಲಿಸುವುದಿಲ್ಲ, ನೆಲ ಬಿಟ್ಟರೂ ಸಾಯುವುದಿಲ್ಲ. ಅನುಲೇಪಕ ಅಂಗಾಂಶದ ಅನೇಕ ಕ್ಯಾನ್ಸರ್‌ಗಳಲ್ಲಿ ಇ-ಕ್ಯಾಡ್ಹೆರಿನ್ ಕಡಿಮೆಯಾಗುತ್ತದೆ. ಆಗ ಕೋಶ ಗುಂಪು ಬಿಟ್ಟು ಬೇರೆ ಅಂಗಗಳಿಗೂ ಹರಡಬಲ್ಲದು.

ಇದು ನಮ್ಮೂರಿಗೂ ಸಂಬಂಧಿಸಿದ ಮಾತು. ಗುಟ್ಕಾ, ತಂಬಾಕು ಜಗಿಯುವವರನ್ನು ನೀವು ದಿನಾ ನೋಡ್ತೀರಿ. ತಂಬಾಕಿನ ವಿಷಗಳು ಬಾಯಿಯ ಒಳಪದರದ ಕೋಶಗಳ ಡಿಎನ್‌ಎಯನ್ನೇ ಕೆಡಿಸುತ್ತವೆ. ಕೆಟ್ಟ ಜೀನುಗಳಿರುವ ಕೋಶಕ್ಕೆ 'ಸಾಕು' ಎನ್ನುವ ಸುದ್ದಿ ತಿಳಿಯದೆ ಹೋಗಬಹುದು. ಬರೀ ಅಡಿಕೆ ಅಲ್ವಾ, ಏನಾಗುತ್ತೆ ಅನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದೇ ಹೇಳಿದೆ.

ಮನೆಯಲ್ಲಿ ಯಾರಿಗಾದರೂ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಇದ್ದರೆ ತಡ ಮಾಡದೆ ಬಳ್ಳಾರಿ ಇಲ್ಲವೆ ಅನಂತಪುರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ. ಬೇಗ ಪತ್ತೆಯಾದರೆ ಬಾಯಿ ಕ್ಯಾನ್ಸರನ್ನು ಗುಣಪಡಿಸಬಹುದು.

ಆಡಿ ನೋಡಿ

ಹತ್ತು ಜನ ಕೈ ಹಿಡಿದು ವೃತ್ತವಾಗಿ ನಿಲ್ಲಿ. ಎರಡೂ ಕೈ ಹಿಡಿದವರು ಸುಮ್ಮನಿರಬೇಕು. ಒಂದು ಕೈ ಖಾಲಿಯಾದವರು ಹೊರಗಿನಿಂದ ಒಬ್ಬರನ್ನು ಕರೆಯಬೇಕು. ಈಗ ಮಧ್ಯದಿಂದ ಇಬ್ಬರು ಹೊರಬರಲಿ. ವೃತ್ತ ಮತ್ತೆ ಮುಚ್ಚಿದಾಗ ಕರೆಯುವುದು ತಾನಾಗಿ ನಿಲ್ಲುತ್ತದೆಯೇ?

ಯೋಚಿಸಿ ಉತ್ತರಿಸಿ

1. ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಅನುಲೇಪಕ ಕೋಶಗಳನ್ನು ಇಟ್ಟರೆ ಏನಾಗಬಹುದು?
2. ಯಾಪ್ ಯಾವಾಗಲೂ ಕೋಶಕೇಂದ್ರದೊಳಗೇ ಇದ್ದರೆ ಅಂಗಾಂಶ ಹೇಗಾದೀತು?
3. ನೆಲದ ಹಿಡಿತ ತಪ್ಪಿದ ಕೋಶ ಸಾಯುವುದರಿಂದ ದೇಹಕ್ಕೆ ಏನು ಲಾಭ?