ಎಫ್‌ಡಿ ಮುರಿಸುವ ಮುನ್ನ ಒಂದು ಲೆಕ್ಕ

ಕಲ್ಯಾಣ ನಗರದಲ್ಲಿ ಬ್ಯಾಂಕುಗಳಿಗೆ ಬರವಿಲ್ಲ. ಎಚ್‌ಆರ್‌ಬಿಆರ್ ಬಡಾವಣೆಯಿಂದ ಹೊರವರ್ತುಲ ರಸ್ತೆಗೆ ಬರುವಷ್ಟರಲ್ಲಿ ಎಷ್ಟೋ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ನಿಮ್ಮ ಠೇವಣಿಗೆ ಶೇ 7 ಬಡ್ಡಿ ಬರುತ್ತಿರುವಾಗ ಪಕ್ಕದ ಬ್ಯಾಂಕು ಶೇ 7.5 ಎಂದರೆ ಮನಸ್ಸು ಅತ್ತ ವಾಲುವುದು ಸಹಜ. ತೆಗೆದು ಅಲ್ಲಿ ಹಾಕಬಹುದೇ? ಹಾಕಬಹುದು. ಆದರೆ ಲಾಭವೋ ನಷ್ಟವೋ ಎಂಬುದನ್ನು ಬೋರ್ಡು ಹೇಳುವುದಿಲ್ಲ.

ಹಲಸೂರಿನ ಶಾಖೆಯಲ್ಲಿರುವ ಎಫ್‌ಡಿಯನ್ನು ಅದೇ ಬ್ಯಾಂಕಿನ ಕಲ್ಯಾಣ ನಗರ ಶಾಖೆಗೆ ತಂದುಕೊಂಡರೆ ಸಾಮಾನ್ಯವಾಗಿ ಬಡ್ಡಿಯೂ ಅವಧಿಯೂ ಹಾಗೇ ಉಳಿಯುತ್ತವೆ. ಬೇರೆ ಬ್ಯಾಂಕಿಗಾದರೆ ಆ ದಾರಿ ಇಲ್ಲ. ಹಳೆಯದನ್ನು ಮುರಿಸಿ, ಕೈಗೆ ಬಂದಷ್ಟರಲ್ಲಿ ಹೊಸದು ಇಡಬೇಕು.

ಮುರಿಸಿದಾಗ ಕತ್ತರಿ ಎರಡು ಕಡೆ ಬೀಳುತ್ತದೆ. ದಂಡ ಎಲ್ಲರಿಗೂ ಗೊತ್ತು. ಬಹಳ ಜನ ಮರೆಯುವುದು ಅದಕ್ಕೂ ಮೊದಲಿನ ಕತ್ತರಿಯನ್ನು. ನೀವು ಮೂರು ವರ್ಷಕ್ಕೆ ಇಟ್ಟು ಒಂದೇ ವರ್ಷಕ್ಕೆ ತೆಗೆದರೆ, ಮೂರು ವರ್ಷದ ದರ ಸಿಗುವುದಿಲ್ಲ; ಠೇವಣಿ ಇಟ್ಟ ದಿನ ಒಂದು ವರ್ಷದ ಠೇವಣಿಗೆ ಎಷ್ಟಿತ್ತೋ ಆ ದರ ಲೆಕ್ಕಕ್ಕೆ ಬರುತ್ತದೆ. ದಂಡ ಕಳೆಯುವುದು ಅದರಿಂದ. ಏಳು ದಿನ ತುಂಬುವ ಮೊದಲೇ ತೆಗೆದರೆ ಬಡ್ಡಿಯೇ ಇಲ್ಲ.

ಊಹೆಯ ಅಂಕಿಗಳನ್ನಿಟ್ಟು, ಚಕ್ರಬಡ್ಡಿ ಬಿಟ್ಟು ನೋಡೋಣ. 5 ಲಕ್ಷ ರೂಪಾಯಿ, ಮೂರು ವರ್ಷ, ಶೇ 7. ಒಂದು ವರ್ಷದ ದರ ಆಗ ಶೇ 6.5 ಇತ್ತು, ದಂಡ ಶೇ 1. ವರ್ಷ ತುಂಬಿದಾಗ ಮುರಿಸಿದರೆ ನಿಮಗೆ ದಕ್ಕುವುದು ಶೇ 5.5. ಅಂದರೆ 35,000 ರೂಪಾಯಿ ಬದಲು 27,500, ಹೋದದ್ದು 7,500. ಹೊಸ ಬ್ಯಾಂಕು ಉಳಿದ ಎರಡು ವರ್ಷಕ್ಕೆ ಅರ್ಧ ಶೇಕಡಾ ಹೆಚ್ಚು ಕೊಟ್ಟರೂ ಬರುವ ಲಾಭ 5,000. ಓಡಾಡಿದ್ದಕ್ಕೆ 2,500 ರೂಪಾಯಿ ಕೈಬಿಟ್ಟಂತಾಯಿತು! ಇಲ್ಲಿ ಸರಿಸಮವಾಗಬೇಕಾದರೂ ಹೊಸ ದರ ಶೇ 7.75 ಇರಬೇಕು.

ತಿಂಗಳು ತಿಂಗಳು ಬಡ್ಡಿ ಪಡೆಯುತ್ತಿರುವ ಹಿರಿಯರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ಈಗಾಗಲೇ ಕೊಟ್ಟ ಹೆಚ್ಚುವರಿ ಬಡ್ಡಿಯನ್ನು ಬ್ಯಾಂಕು ಅಸಲಿನಿಂದ ಮುರಿದುಕೊಳ್ಳುತ್ತದೆ. ‘ಇಟ್ಟ ದುಡ್ಡೇ ಕಡಿಮೆ ಬಂತಲ್ಲ’ ಎಂದು ಕೌಂಟರಿನಲ್ಲಿ ಜಗಳವಾಗುವುದು ಹೆಚ್ಚಾಗಿ ಈ ಕಾರಣಕ್ಕೆ. ಹಣ ಎಲ್ಲೂ ಹೋಗಿಲ್ಲ, ಬಡ್ಡಿಯ ರೂಪದಲ್ಲಿ ಮೊದಲೇ ಕೈಸೇರಿದೆ.

ದಂಡ ಎಷ್ಟೆಂಬುದನ್ನು ರಿಸರ್ವ್ ಬ್ಯಾಂಕು ಆಯಾ ಬ್ಯಾಂಕಿಗೇ ಬಿಟ್ಟಿದೆ; ಠೇವಣಿ ಇಡುವಾಗಲೇ ತಿಳಿಸಬೇಕೆಂಬುದಷ್ಟೇ ಷರತ್ತು. ಸ್ಟೇಟ್ ಬ್ಯಾಂಕಿನಲ್ಲಿ 5 ಲಕ್ಷದವರೆಗಿನ ಠೇವಣಿಗೆ ಶೇ 0.50, ಅದಕ್ಕಿಂತ ದೊಡ್ಡದಕ್ಕೆ ಶೇ 1. ಹೀಗಾಗಿ 10 ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡುವ ಬದಲು ಹಲವು ರಸೀದಿಗಳಾಗಿ ಇಡುವುದು ಜಾಣತನ ಎಂದು ನನ್ನ ಅಭಿಪ್ರಾಯ. ಬೇಕಾದಷ್ಟನ್ನೇ ಮುರಿಸಬಹುದು, ಉಳಿದದ್ದು ಬೆಳೆಯುತ್ತಿರುತ್ತದೆ. ಠೇವಣಿದಾರರು ತೀರಿಕೊಂಡು ಮನೆಯವರು ಮುರಿಸುವಾಗ ದಂಡ ಹಾಕುವಂತಿಲ್ಲ ಎಂಬುದೂ ನೆನಪಿರಲಿ.

ಅಂಚೆ ಕಚೇರಿಯ ನಿಯಮ ಬೇರೆ. ಅಲ್ಲಿ ಟೈಮ್ ಡೆಪಾಸಿಟ್ಟನ್ನು ಆರು ತಿಂಗಳವರೆಗೆ ಮುಟ್ಟುವಂತಿಲ್ಲ. ಆರು ತಿಂಗಳಿಂದ ವರ್ಷದೊಳಗೆ ತೆಗೆದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಂತೂ ಕಡಿತ ಅಸಲಿನ ಮೇಲೆಯೇ: ಒಂದರಿಂದ ಎರಡು ವರ್ಷದ ನಡುವೆ ಮುಚ್ಚಿದರೆ ಶೇ 1.5, ಎರಡು ವರ್ಷ ದಾಟಿದ ಮೇಲೆ ಶೇ 1. ತೆರಿಗೆ ಉಳಿಸಲು ಐದು ವರ್ಷಕ್ಕೆ ಇಟ್ಟ ಎಫ್‌ಡಿಯನ್ನು ಅವಧಿಗೆ ಮೊದಲು ಮುರಿಸಲು ಬರುವುದೇ ಇಲ್ಲ.

ನಮ್ಮ ಕಡೆ ಎಫ್‌ಡಿ ಮುರಿಯುವುದು ಬಡ್ಡಿಯಾಸೆಗಿಂತ ಹೆಚ್ಚಾಗಿ ಮನೆಯ ಅಡ್ವಾನ್ಸಿಗೆ, ಲೀಸಿಗೆ. ಹಳೆ ಮನೆಯ ಅಡ್ವಾನ್ಸು ವಾಪಸು ಬರುವಷ್ಟರಲ್ಲಿ ಹೊಸ ಮಾಲೀಕರಿಗೆ ಕೊಡಬೇಕಲ್ಲ! ಮೂರು ವರ್ಷದ ಅವಧಿಯಲ್ಲಿ ಎರಡೇ ತಿಂಗಳು ಉಳಿದಿದ್ದರೆ ಮುರಿಸಬೇಡಿ, ಅದರ ಮೇಲೆ ಸಾಲ ಕೇಳಿ. ಎಫ್‌ಡಿ ದರಕ್ಕಿಂತ ಶೇ 1 ಹೆಚ್ಚಿಗೆ 4 ಲಕ್ಷ ಸಾಲ ಸಿಕ್ಕರೆ, ಠೇವಣಿಯ ಬಡ್ಡಿ ನಡೆದೇ ಇರುವುದರಿಂದ, ಎರಡು ತಿಂಗಳಿಗೆ ನಿಮ್ಮ ನಿಜವಾದ ಖರ್ಚು ಸುಮಾರು 670 ರೂಪಾಯಿ. ಅದೇ 5 ಲಕ್ಷದ ಎಫ್‌ಡಿ ಮುರಿಸಿದರೆ ಶೇ 1ರ ದಂಡವೊಂದೇ 14,000 ದಾಟುತ್ತದೆ.